ಹಳೆಯ ಫಾರಂ 16 ಮತ್ತೆ ಬೇಕಾದಾಗ: ಒಂದು ವೇತನ ತಂತ್ರಾಂಶ ಮತ್ತು ಟ್ರೇಸಸ್ ಸೇವೆಯ ವಿಮರ್ಶೆ

ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಿರುವ ಒಂದು ಸಣ್ಣ ಯಂತ್ರಭಾಗಗಳ ಕಾರ್ಖಾನೆಯಲ್ಲಿ ನಾನು ಹದಿನಾಲ್ಕು ವರ್ಷಗಳಿಂದ ಲೆಕ್ಕಪತ್ರ ಮತ್ತು ಸಂಬಳದ ಕೆಲಸ ನೋಡಿಕೊಳ್ಳುತ್ತಿದ್ದೇನೆ. ಕೆಲಸಗಾರರು, ಕಚೇರಿಯವರು, ವ್ಯವಸ್ಥಾಪಕರು ಎಲ್ಲರೂ ಸೇರಿ ನಾವು ನಲವತ್ತು ಜನ ದಾಟುವುದಿಲ್ಲ. ತಿಂಗಳ ಸಂಬಳ, ಮೂಲದಲ್ಲಿ ತೆರಿಗೆ ಕಡಿತ, ವೃತ್ತಿ ತೆರಿಗೆ, ಭವಿಷ್ಯ ನಿಧಿ ಇವೆಲ್ಲವೂ ಒಂದೇ ಲೆಕ್ಕಪತ್ರ ತಂತ್ರಾಂಶದಲ್ಲಿ ನಡೆಯುತ್ತವೆ. ಆ ತಂತ್ರಾಂಶದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾನು ಹೇಳಹೊರಟಿರುವ ತೊಂದರೆ ಅದೇ ದರ್ಜೆಯ ಬೇರೆ ತಂತ್ರಾಂಶಗಳನ್ನು ಬಳಸುವವರಿಗೂ ಎದುರಾಗಬಹುದಾದದ್ದು, ಮತ್ತು ಒಂದು ಹೆಸರನ್ನು ದೂರುವುದರಿಂದ ಓದುವವರಿಗೆ ಲಾಭವಿಲ್ಲ. ಸಂಬಳಕ್ಕೆ ಸಂಬಂಧಿಸಿದ ಹಳೆಯ ತೆರಿಗೆ ಫಾರಂಗಳನ್ನು ಮತ್ತೆ ಮುದ್ರಿಸಿಕೊಳ್ಳುವ ಸೌಲಭ್ಯ, ಈ ಒಂದು ಅಂಶವನ್ನು ಮಾತ್ರ ತೆಗೆದುಕೊಂಡು ನಮ್ಮ ತಂತ್ರಾಂಶವನ್ನೂ, ಅದರ ಜೊತೆಗೆ ಮೂಲದಲ್ಲಿ ಕಡಿತವಾದ ತೆರಿಗೆಯ ದಾಖಲೆಗಳಿರುವ, ಆದಾಯ ತೆರಿಗೆ ಇಲಾಖೆಯ ಟ್ರೇಸಸ್ ಜಾಲತಾಣವನ್ನೂ ವಿಮರ್ಶಿಸುತ್ತಿದ್ದೇನೆ.

ಇದಕ್ಕೆ ಕಾರಣವಾದದ್ದು ಎರಡು ಬೇಡಿಕೆಗಳು, ಹೆಚ್ಚುಕಡಿಮೆ ಒಂದೇ ತಿಂಗಳಲ್ಲಿ ಬಂದವು. 2020ರಲ್ಲಿ ನಮ್ಮಲ್ಲಿ ಕೆಲಸ ಬಿಟ್ಟು ಊರಿಗೆ ಹೋದ ಒಬ್ಬ ಹಿರಿಯ ಫಿಟ್ಟರ್ ದೂರವಾಣಿ ಮಾಡಿ, 2018-19ರ ಆರ್ಥಿಕ ವರ್ಷದ ಫಾರಂ 16 (ವರ್ಷದ ಸಂಬಳ ಮತ್ತು ಅದರಿಂದ ಕಡಿತವಾದ ತೆರಿಗೆಗೆ ಮಾಲೀಕರು ಕೊಡುವ ಪ್ರಮಾಣಪತ್ರ) ಕಳೆದುಹೋಗಿದೆ, ಆ ವರ್ಷಕ್ಕೆ ತಮ್ಮ ಹೆಸರಿನಲ್ಲಿ ತೆರಿಗೆ ಬಾಕಿ ತೋರಿಸುತ್ತಿದೆ, ಇನ್ನೊಂದು ಪ್ರತಿ ಬೇಕು ಎಂದು ಕೇಳಿದರು. ಆಮೇಲೆ ನಮ್ಮ ಲೆಕ್ಕಪರಿಶೋಧಕರು 2021-22ರ ವೃತ್ತಿ ತೆರಿಗೆಯ ಮಾಸಿಕ ವಿವರಪಟ್ಟಿಗಳನ್ನು, ಅಂದರೆ ಫಾರಂ 5ಎಯನ್ನು, ಪಾವತಿಯ ಚಲನ್‌ಗಳ ಜೊತೆ ತಾಳೆ ನೋಡಲು ಕೇಳಿದರು. ಎರಡೂ ಹತ್ತು ನಿಮಿಷದ ಕೆಲಸ ಎಂದುಕೊಂಡು ಕುಳಿತೆ. ತಂತ್ರಾಂಶದಲ್ಲಿ ವರ್ಷ ಆರಿಸಿ ಗುಂಡಿ ಒತ್ತಿದರೆ ಫಾರಂ ಬರುತ್ತದೆ. ಬಂದದ್ದು ಸರಿಯಾದದ್ದೇ ಎಂಬುದನ್ನು ಮಾತ್ರ ನಾನು ಅಲ್ಲಿಯವರೆಗೆ ಎಂದೂ ಪರೀಕ್ಷಿಸಿರಲಿಲ್ಲ.

ಮೊದಲು ತಂತ್ರಾಂಶದ ಒಳ್ಳೆಯ ಗುಣಗಳನ್ನು ಹೇಳಬೇಕು, ಏಕೆಂದರೆ ದಿನನಿತ್ಯದ ಕೆಲಸದಲ್ಲಿ ಅದು ನನಗೆ ನಿಜವಾಗಿಯೂ ನೆರವಾಗಿದೆ. ಹಾಜರಾತಿಯಿಂದ ಸಂಬಳ ಲೆಕ್ಕ ಹಾಕುವುದು, ಓವರ್‌ಟೈಮ್ ಸೇರಿಸುವುದು, ಭವಿಷ್ಯ ನಿಧಿಯ ತಿಂಗಳ ವಂತಿಗೆಯ ವಿವರವಾದ ಇಸಿಆರ್ ಕಡತ ತಯಾರಿಸುವುದು, ಸಂಬಳದ ಮೇಲಿನ ತ್ರೈಮಾಸಿಕ ಹೇಳಿಕೆಯಾದ ಫಾರಂ 24ಕ್ಯೂಗೆ ಬೇಕಾದ ಪಠ್ಯ ಕಡತವನ್ನು ತಪ್ಪಿಲ್ಲದೆ ಹೊರತೆಗೆಯುವುದು, ಇವುಗಳಲ್ಲಿ ಅದರ ಮೇಲೆ ನನಗೆ ದೂರಿಲ್ಲ. ಪರಿಶೀಲನಾ ತಂತ್ರಾಂಶವಾದ ಎಫ್‌ವಿಯು ನಮ್ಮ ಕಡತವನ್ನು ತಿರಸ್ಕರಿಸಿದ ಸಂದರ್ಭಗಳು ಬೆರಳೆಣಿಕೆಯಷ್ಟು, ಅವೂ ಬಹುಪಾಲು ನಾನೇ ತಪ್ಪಾಗಿ ತುಂಬಿದ ಪ್ಯಾನ್ ಸಂಖ್ಯೆಗಳಿಂದ ಆದವು. ಚಾಲ್ತಿ ವರ್ಷದ ಫಾರಂಗಳ ಮುದ್ರಣವೂ ಅಚ್ಚುಕಟ್ಟಾಗಿದೆ. ಅಂಚು ಕತ್ತರಿಸಿ ಹೋಗುವುದಿಲ್ಲ, ರೂಪಾಯಿ ಚಿಹ್ನೆಯ ಜಾಗದಲ್ಲಿ ಖಾಲಿ ಚೌಕ ಬರುವುದಿಲ್ಲ. ಚಾಲ್ತಿ ವರ್ಷದ ಕೆಲಸಕ್ಕೆ ಮಾತ್ರ ಅಂಕ ಕೊಡುವುದಾದರೆ ನಾನು ಹತ್ತಕ್ಕೆ ಎಂಟು ಕೊಡುತ್ತೇನೆ.

ಹಳೆಯ ವರ್ಷದ ವಿಷಯಕ್ಕೆ ಬಂದಾಗ, ಮೊದಲ ಅಡ್ಡಿ ಆ ಫಿಟ್ಟರ್ ಅವರ ಹೆಸರೇ ಪಟ್ಟಿಯಲ್ಲಿ ಕಾಣದಿದ್ದದ್ದು. ಕೆಲಸ ಬಿಟ್ಟವರನ್ನು ತಂತ್ರಾಂಶ ನಿಷ್ಕ್ರಿಯ ಎಂದು ಗುರುತಿಸುತ್ತದೆ, ಮತ್ತು ಫಾರಂ 16ರ ಪರದೆ 2018-19ನ್ನು ಆರಿಸಿದರೂ ಇಂದು ಸಕ್ರಿಯರಾಗಿರುವವರನ್ನಷ್ಟೇ ತೋರಿಸುತ್ತದೆ. ಆ ವರ್ಷದ ಹನ್ನೆರಡು ತಿಂಗಳೂ ದುಡಿದ ಮನುಷ್ಯ ಆ ವರ್ಷದ ಪಟ್ಟಿಯಲ್ಲೇ ಇಲ್ಲ. ಸಿಬ್ಬಂದಿಯ ವಿವರದೊಳಗೆ ಹೋಗಿ, ಬಿಟ್ಟುಹೋದ ದಿನಾಂಕವನ್ನು ತಾತ್ಕಾಲಿಕವಾಗಿ ಅಳಿಸಿದ ಮೇಲೆ ಹೆಸರು ಕಾಣಿಸಿತು. ಒಂದು ಪ್ರತಿ ಮುದ್ರಿಸಲು ಮೂಲ ದಾಖಲೆಯನ್ನೇ ತಿದ್ದಬೇಕಾಗಿ ಬಂದದ್ದು ನನಗೆ ಅಂದೇ ಸರಿಕಾಣಲಿಲ್ಲ. ಅಳಿಸಿದ ದಿನಾಂಕವನ್ನು ಮರಳಿ ತುಂಬಲು ಮರೆತಿದ್ದರೆ ಅವರು ಮುಂದಿನ ತಿಂಗಳ ಹಾಜರಾತಿ ಪಟ್ಟಿಗೆ ಸೇರಿಬಿಡುತ್ತಿದ್ದರು.

ಆಮೇಲೆ ಫಾರಂ ಬಂತು. ಮೊದಲ ಭಾಗದಲ್ಲಿ ನಾಲ್ಕು ತ್ರೈಮಾಸಿಕಗಳಲ್ಲಿ ಒಟ್ಟು 11,960 ರೂಪಾಯಿ ತೆರಿಗೆ ಕಡಿತವಾಗಿದೆ ಎಂದಿತ್ತು. ನನ್ನ ಹಳೆಯ ಪುಸ್ತಕದಲ್ಲಿಯೂ ಅಷ್ಟೇ ಇದೆ. ಎರಡನೆಯ ಭಾಗದಲ್ಲಿ, ಅಂದರೆ ಆದಾಯದ ಲೆಕ್ಕ ತೋರಿಸುವ ಭಾಗ ಬಿಯಲ್ಲಿ, ಕಟ್ಟಬೇಕಾದ ತೆರಿಗೆ ಸೊನ್ನೆ ಎಂದಿತ್ತು. ಒಂದೇ ಪ್ರಮಾಣಪತ್ರದ ಎರಡು ಪುಟಗಳು ಒಂದಕ್ಕೊಂದು ವಿರುದ್ಧವಾಗಿದ್ದವು. ಅವರ ಒಟ್ಟು ಸಂಬಳ ಆ ವರ್ಷ 6,22,400 ರೂಪಾಯಿ. 2018-19ರಲ್ಲಿ ಪ್ರಮಾಣಿತ ಕಡಿತ 40,000, ವೃತ್ತಿ ತೆರಿಗೆ 2,400, ಅವರು ಕಲಂ 80ಸಿ ಅಡಿಯಲ್ಲಿ ಉಳಿಸಿದ್ದು 1,00,000, ಉಳಿದದ್ದು 4,80,000. ಎರಡೂವರೆ ಲಕ್ಷದ ಮೇಲಿನ ಮೊತ್ತಕ್ಕೆ ಶೇಕಡಾ 5ರಂತೆ 11,500, ಅದರ ಮೇಲೆ ಶೇಕಡಾ 4ರ ಸೆಸ್ 460, ಒಟ್ಟು 11,960. ಇದು ಅಂದಿನ ಕಾನೂನಿನ ಲೆಕ್ಕ. ಕಲಂ 87ಎ ರಿಯಾಯಿತಿ ಅಂದು ಮೂರೂವರೆ ಲಕ್ಷದವರೆಗಿನ ಆದಾಯಕ್ಕೆ ಮಾತ್ರ ಇದ್ದುದರಿಂದ ಅವರಿಗೆ ಅನ್ವಯಿಸುತ್ತಿರಲಿಲ್ಲ.

ಮರುಮುದ್ರಿತ ಫಾರಂನಲ್ಲಿ ಪ್ರಮಾಣಿತ ಕಡಿತ 50,000 ಎಂದಿತ್ತು, ತೆರಿಗೆಗೆ ಒಳಪಡುವ ಆದಾಯ 4,70,000 ಎಂದಿತ್ತು, ಮತ್ತು ಅದರ ಮೇಲಿನ 11,000 ರೂಪಾಯಿ ತೆರಿಗೆಯನ್ನು ಪೂರ್ತಿಯಾಗಿ ರಿಯಾಯಿತಿಯೆಂದು ಕಳೆದಿತ್ತು. ಇವು 2019-20ರ ನಿಯಮಗಳು; ಐದು ಲಕ್ಷದವರೆಗಿನ ಆದಾಯಕ್ಕೆ 12,500 ರೂಪಾಯಿವರೆಗೆ ರಿಯಾಯಿತಿ ಬಂದದ್ದು ಆ ವರ್ಷದಿಂದ. ಹುಡುಕಿ ನೋಡಿದಾಗ ಗೊತ್ತಾದದ್ದೇನೆಂದರೆ, ತಂತ್ರಾಂಶದ ಹೊಸ ಆವೃತ್ತಿಗೆ ಬದಲಾಯಿಸಿಕೊಂಡಾಗ 2019-20ಕ್ಕಿಂತ ಹಿಂದಿನ ತೆರಿಗೆ ಕೋಷ್ಟಕಗಳು ಅದರಿಂದ ತೆಗೆದುಹೋಗಿವೆ, ಮತ್ತು ಅದಕ್ಕೂ ಹಿಂದಿನ ವರ್ಷವನ್ನು ಕೇಳಿದರೆ ತನ್ನ ಬಳಿ ಇರುವ ಅತಿ ಹಳೆಯ ಕೋಷ್ಟಕವನ್ನು ಹಿಡಿದು ಲೆಕ್ಕ ಹಾಕಿ ಕೊಡುತ್ತದೆ. ಎಚ್ಚರಿಕೆಯ ಒಂದು ಸಾಲೂ ಪರದೆಯ ಮೇಲೆ ಬರುವುದಿಲ್ಲ. ಕೋಷ್ಟಕ ಇಲ್ಲದಿದ್ದರೆ ಮುದ್ರಣ ಸಾಧ್ಯವಿಲ್ಲ ಎಂದು ನಿಲ್ಲಿಸಿದ್ದರೂ ನಾನು ಅದನ್ನು ಮೆಚ್ಚುತ್ತಿದ್ದೆ. ಆ ಕಾಗದವನ್ನು ನೋಡದೆ ಸಹಿ ಹಾಕಿ ಅಂಚೆಗೆ ಹಾಕಿದ್ದರೆ, ತೆರಿಗೆ ಬಾಕಿಯ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದ ಆ ಹಿರಿಯರ ಕೈಗೆ ನಾವೇ ಇನ್ನೊಂದು ಗೊಂದಲವನ್ನು ಕೊಟ್ಟಂತಾಗುತ್ತಿತ್ತು.

ಈ ವಿಮರ್ಶೆಯಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇಲ್ಲೇ ಇದೆ. ಮರುಮುದ್ರಣ ಎಂದರೆ ಅಂದು ಸಲ್ಲಿಸಿದ ಅಥವಾ ಕೊಟ್ಟ ಫಾರಂನ ಇನ್ನೊಂದು ಪ್ರತಿ. ಅಂದಿನ ಸಂಬಳದ ಅಂಕಿಗಳನ್ನು ಇಂದಿನ ನಿಯಮ, ಇಂದಿನ ವಿಳಾಸ, ಇಂದಿನ ಹೆಸರುಗಳ ಜೊತೆ ಸೇರಿಸಿ ಹೊಸದಾಗಿ ತಯಾರಿಸಿದರೆ ಅದು ಬೇರೆಯೇ ಒಂದು ಕಾಗದ, ಅದರ ತಲೆಯ ಮೇಲೆ ಹಳೆಯ ವರ್ಷ ಬರೆದಿದ್ದರೂ ಸಹ. ನಮ್ಮ ತಂತ್ರಾಂಶ ಫಾರಂಗಳನ್ನು ಎಲ್ಲಿಯೂ ಇಟ್ಟುಕೊಳ್ಳುವುದಿಲ್ಲ. ಅಂಕಿಗಳನ್ನು ಇಟ್ಟುಕೊಂಡು, ಕೇಳಿದಾಗಲೆಲ್ಲ ಫಾರಂ ಕಟ್ಟುತ್ತದೆ. ಚಾಲ್ತಿ ವರ್ಷಕ್ಕೆ ಈ ಪದ್ಧತಿ ಅನುಕೂಲಕರ, ಏಕೆಂದರೆ ಒಂದು ಅಂಕಿ ತಿದ್ದಿದರೆ ಎಲ್ಲ ಕಡೆ ತಿದ್ದುಪಡಿಯಾಗುತ್ತದೆ. ಮುಗಿದ ವರ್ಷಕ್ಕೆ ಅದೇ ಗುಣ ದೋಷವಾಗುತ್ತದೆ. ಮೆನುವಿನಲ್ಲಿ ಮರುಮುದ್ರಣ ಎಂಬ ಪದವನ್ನೇ ಬಳಸಿರುವುದರಿಂದ ನನ್ನಂಥವರು ಅದನ್ನು ನಂಬುತ್ತಾರೆ, ಮತ್ತು ನನ್ನ ಆಕ್ಷೇಪ ಅತಿ ಹೆಚ್ಚು ಇರುವುದು ಈ ಪದದ ಬಗ್ಗೆಯೇ.

ವೃತ್ತಿ ತೆರಿಗೆಯ ಫಾರಂ 5ಎ ವಿಷಯದಲ್ಲಿ ದೋಷ ಇನ್ನೂ ಸ್ಪಷ್ಟವಾಗಿ ಕಂಡಿತು. ಕರ್ನಾಟಕದಲ್ಲಿ 1976ರ ವೃತ್ತಿ ತೆರಿಗೆ ಕಾಯ್ದೆಯಡಿ ತಿಂಗಳಿಗೆ 15,000 ರೂಪಾಯಿ ಮತ್ತು ಅದಕ್ಕಿಂತ ಹೆಚ್ಚು ಸಂಬಳ ಪಡೆಯುವವರಿಂದ 200 ರೂಪಾಯಿ ಕಡಿತ ಮಾಡುತ್ತಿದ್ದೆವು. 2023ರ ಏಪ್ರಿಲ್ 1ರಿಂದ ಆ ಮಿತಿ 25,000ಕ್ಕೆ ಏರಿತು; ಕೆಳಹಂತದ ಕೆಲಸಗಾರರ ಕೈಗೆ ವರ್ಷಕ್ಕೆ 2,400 ರೂಪಾಯಿ ಉಳಿಯಿತೆಂದು ಅಂದು ನಮ್ಮ ಕಾರ್ಖಾನೆಯಲ್ಲಿ ಸಂತೋಷವೇ ಆಯಿತು. ಮಿತಿ ಬದಲಾದಾಗ ನಾನು ತಂತ್ರಾಂಶದಲ್ಲಿ 15,000 ಎಂದಿದ್ದ ಜಾಗದಲ್ಲಿ 25,000 ಎಂದು ತುಂಬಿದೆ, ಏಕೆಂದರೆ ಆ ಸ್ಲ್ಯಾಬ್‌ಗೆ ಇರುವುದು ಒಂದೇ ಅಂಕಣ. ಇಂಥ ದಿನದಿಂದ ಜಾರಿ ಎಂದು ಬರೆಯಲು ಸ್ಥಳವೇ ಇಲ್ಲ.

2021ರ ಸೆಪ್ಟೆಂಬರ್ ತಿಂಗಳ ಫಾರಂ 5ಎಯನ್ನು ಮತ್ತೆ ಮುದ್ರಿಸಿದಾಗ ಅದರಲ್ಲಿ 20 ಜನರಿಂದ 4,000 ರೂಪಾಯಿ ಕಡಿತವಾಗಿದೆ ಎಂದು ಬಂತು. ಚಲನ್ ಇದ್ದದ್ದು 6,200 ರೂಪಾಯಿಗೆ, 31 ಜನರ ಲೆಕ್ಕದಲ್ಲಿ. ಕಾಣೆಯಾದ ಹನ್ನೊಂದು ಜನರೂ 15,000ಕ್ಕೂ 25,000ಕ್ಕೂ ನಡುವೆ ಸಂಬಳ ಪಡೆಯುತ್ತಿದ್ದವರು. ಅವರ ಅಂದಿನ ಸಂಬಳ ಚೀಟಿಗಳಲ್ಲಿ 200 ರೂಪಾಯಿ ಕಡಿತ ಇದೆ, ಖಾತೆಯ ಪುಸ್ತಕದಲ್ಲಿ ಇದೆ, ಬ್ಯಾಂಕಿನಿಂದ ಹಣ ಹೋಗಿದೆ. ಫಾರಂ ಮಾತ್ರ ಖಾತೆಯ ಪುಸ್ತಕವನ್ನು ನೋಡದೆ ಸ್ಲ್ಯಾಬ್ ನೋಡಿ ಹೊಸದಾಗಿ ಲೆಕ್ಕ ಹಾಕಿದೆ. ಹನ್ನೆರಡು ತಿಂಗಳಲ್ಲಿ ಹೀಗೆ ಬಂದ ವ್ಯತ್ಯಾಸವನ್ನು ನಮ್ಮ ಪರಿಶೋಧಕರ ಮುಂದೆ ಇಟ್ಟಾಗ, ಹೆಚ್ಚು ಹಣ ಕಟ್ಟಿದ್ದೀರಿ, ಮರಳಿ ಕೇಳಬಹುದಲ್ಲ ಎಂದು ಅವರ ಕಿರಿಯ ಸಹಾಯಕರು ಪ್ರಾಮಾಣಿಕವಾಗಿಯೇ ಕೇಳಿದರು. ಕಾಗದ ಹಾಗೆಯೇ ಹೇಳುತ್ತಿತ್ತು. 2025ರ ಏಪ್ರಿಲ್‌ನಿಂದ ಫೆಬ್ರವರಿ ತಿಂಗಳಿಗೆ ಮಾತ್ರ 300 ರೂಪಾಯಿ, ಅಂದರೆ ವರ್ಷಕ್ಕೆ ಒಟ್ಟು 2,500 ರೂಪಾಯಿ ಎಂದು ಮತ್ತೆ ಬದಲಾಗಿದೆ. ಅದನ್ನೂ ಅದೇ ಒಂದು ಅಂಕಣದ ಪಕ್ಕದಲ್ಲಿ ತುಂಬಿದ್ದೇನೆ, ಹಾಗಾಗಿ ಇನ್ನು ಮೇಲೆ ಹಳೆಯ ಫೆಬ್ರವರಿಗಳೂ ತಪ್ಪಾಗಿಯೇ ಮುದ್ರಣವಾಗುತ್ತವೆ.

ಸಣ್ಣವೆಂದು ಕಾಣುವ ಇನ್ನೆರಡು ಸಂಗತಿಗಳಿವೆ. ನಮ್ಮ ಕಾರ್ಖಾನೆ 2022ರಲ್ಲಿ ಪಕ್ಕದ ರಸ್ತೆಯ ದೊಡ್ಡ ಷೆಡ್ಡಿಗೆ ಸ್ಥಳಾಂತರಗೊಂಡಿತು. ಹಳೆಯ ಫಾರಂಗಳಲ್ಲಿ ಈಗ ಹೊಸ ವಿಳಾಸ ಬರುತ್ತಿದೆ. ಅದೇ ರೀತಿ, ತೆರಿಗೆ ಕಡಿತಕ್ಕೆ ಹೊಣೆಗಾರರಾದ ವ್ಯಕ್ತಿ ಎಂದು ಒಂದೇ ಹೆಸರನ್ನು ತುಂಬಬಹುದು, ಹಾಗಾಗಿ 2018-19ರ ಫಾರಂ 27ಎಯ (ತ್ರೈಮಾಸಿಕ ಹೇಳಿಕೆಯ ಜೊತೆ ಸಹಿ ಮಾಡಿ ಕೊಡುವ ಸಾರಾಂಶ ಪುಟದ) ಪ್ರತಿಯಲ್ಲಿ 2022ರಲ್ಲಿ ಸೇರಿದ ವ್ಯವಸ್ಥಾಪಕರ ಹೆಸರು ಇದೆ. ನಕಲು ಪ್ರಮಾಣಪತ್ರಕ್ಕೆ ಇಂದಿನ ಅಧಿಕಾರಿ ಇಂದಿನ ದಿನಾಂಕ ಹಾಕಿ ಸಹಿ ಮಾಡುವುದು ಸಹಜವೇ. ಅಂದು ಸಲ್ಲಿಸಿದ ಕಾಗದದ ಪ್ರತಿಯಲ್ಲಿ ಅಂದು ಸಂಸ್ಥೆಯಲ್ಲೇ ಇಲ್ಲದವರ ಹೆಸರು ಬರುವುದು ಸಹಜವಲ್ಲ.

ತಯಾರಕರ ಸಹಾಯವಾಣಿಗೆ ಬರೆದಾಗ ಮೂರು ದಿನಗಳಲ್ಲಿ ಉತ್ತರ ಬಂತು, ಮಾತು ಸೌಜನ್ಯದಿಂದ ಕೂಡಿತ್ತು. ಅವರು ಸೂಚಿಸಿದ ದಾರಿ, ಆ ವರ್ಷದ ಬ್ಯಾಕಪ್ಪನ್ನು ಅಂದಿನ ಆವೃತ್ತಿಯ ತಂತ್ರಾಂಶದಲ್ಲಿ ತೆರೆದು ಮುದ್ರಿಸಿಕೊಳ್ಳುವುದು. ದಾರಿ ಸರಿಯಾದದ್ದೇ. ಹಳೆಯ ಆವೃತ್ತಿಯ ಸ್ಥಾಪನಾ ಕಡತವನ್ನು ಅವರು ಕಳುಹಿಸಿದರು, 2019ರ ಏಪ್ರಿಲ್‌ನ ಬ್ಯಾಕಪ್ ನನ್ನ ಬೀರುವಿನ ಒಂದು ಡಿಸ್ಕಿನಲ್ಲಿತ್ತು, ಮತ್ತು ಬೇರೊಂದು ಹಳೆಯ ಕಂಪ್ಯೂಟರಿನಲ್ಲಿ ಎಲ್ಲವನ್ನೂ ಹಾಕಿದ ಮೇಲೆ ಫಾರಂ ಅಂದಿನಂತೆಯೇ ಬಂತು. ಇದಕ್ಕೆ ಒಂದೂವರೆ ದಿನ ಹಿಡಿಯಿತು. ಆ ಡಿಸ್ಕ್ ಇಲ್ಲದವರು, ಅಥವಾ ಚಂದಾ ನಿಂತರೆ ಸಂಬಳದ ವಿಭಾಗವೇ ತೆರೆಯದಂಥ ತಂತ್ರಾಂಶ ಬಳಸುವವರು ಏನು ಮಾಡಬೇಕು ಎಂಬುದಕ್ಕೆ ಅವರ ಪತ್ರದಲ್ಲಿ ಉತ್ತರವಿರಲಿಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ನೆನಪಾಯಿತು: 2018-19ರ ಫಾರಂ 16ಕ್ಕೆ ನಾನು ತಂತ್ರಾಂಶದ ಬಾಗಿಲಿಗೆ ಹೋಗಬೇಕಾಗಿಯೇ ಇರಲಿಲ್ಲ. ಫಾರಂ 16ರ ಭಾಗ ಎಯನ್ನು 2012-13ರಿಂದಲೂ, ಭಾಗ ಬಿಯನ್ನು 2018-19ರಿಂದಲೂ ಟ್ರೇಸಸ್ ಜಾಲತಾಣದಿಂದಲೇ ಪಡೆದು ಕೊಡಬೇಕೆಂಬುದು ನೇರ ತೆರಿಗೆಗಳ ಕೇಂದ್ರೀಯ ಮಂಡಳಿಯ ಆದೇಶ. ತಂತ್ರಾಂಶ ಮುದ್ರಿಸಿಕೊಡುವ ಫಾರಂ 16 ನಮ್ಮ ಪರಿಶೀಲನೆಗೆ ಮಾತ್ರ. ಅಭ್ಯಾಸಬಲದಿಂದ ಮೊದಲು ಅದನ್ನೇ ತೆರೆದೆ.

ಟ್ರೇಸಸ್‌ನಲ್ಲಿ ಕೆಲಸ ಹೀಗೆ ನಡೆಯುತ್ತದೆ. ತೆರಿಗೆ ಕಡಿತ ಮಾಡುವವರಿಗೆ ಇಲಾಖೆ ಕೊಡುವ ಟ್ಯಾನ್ ಸಂಖ್ಯೆ, ಬಳಕೆದಾರರ ಹೆಸರು ಮತ್ತು ಗುಪ್ತಪದದಿಂದ ಒಳಗೆ ಹೋಗಿ, ಡೌನ್‌ಲೋಡ್ ಪಟ್ಟಿಯಲ್ಲಿ ಫಾರಂ 16 ಆರಿಸಿ, ಆರ್ಥಿಕ ವರ್ಷ ಮತ್ತು ಬೇಕಾದವರ ಪ್ಯಾನ್ ಕೊಡಬೇಕು. ಆಗ ಅದು ನಾವು ನಿಜವಾಗಿಯೂ ಆ ವರ್ಷದ ತ್ರೈಮಾಸಿಕ ಹೇಳಿಕೆಯನ್ನು ಸಲ್ಲಿಸಿದವರೇ ಎಂದು ಪರೀಕ್ಷಿಸುತ್ತದೆ. ಡಿಜಿಟಲ್ ಸಹಿ ಇದ್ದವರಿಗೆ ಈ ಹಂತ ಸುಲಭ. ಇಲ್ಲದವರು ಆ ವರ್ಷದ ಹೇಳಿಕೆಯ ಸ್ವೀಕೃತಿಯಲ್ಲಿರುವ 15 ಅಂಕಿಯ ಟೋಕನ್ ಸಂಖ್ಯೆ, ಒಂದು ಚಲನ್‌ನ ಬಿಎಸ್‌ಆರ್ ಸಂಕೇತ (ಹಣ ಕಟ್ಟಿದ ಬ್ಯಾಂಕ್ ಶಾಖೆಯ ಸಂಖ್ಯೆ), ದಿನಾಂಕ, ಕ್ರಮಸಂಖ್ಯೆ, ಮೊತ್ತ, ಮತ್ತು ಆ ಚಲನ್‌ಗೆ ಸೇರಿದ ಮೂವರವರೆಗಿನ ಪ್ಯಾನ್ ಹಾಗೂ ಕಡಿತದ ಮೊತ್ತ ತುಂಬಬೇಕು. ಚಲನ್‌ನ ಮೊತ್ತವನ್ನು ಪೈಸೆಯವರೆಗೆ ಬರೆಯಬೇಕು. ಅಂಕಿಗಳು ಹೊಂದಿದರೆ ಕೋರಿಕೆ ಸಂಖ್ಯೆ ಸಿಗುತ್ತದೆ. ಕಡತ ಸಿದ್ಧವಾದ ಮೇಲೆ ಇಳಿಸಿಕೊಂಡು, ಇಲಾಖೆಯೇ ಕೊಡುವ ಪರಿವರ್ತನಾ ತಂತ್ರಾಂಶದಿಂದ ಪಿಡಿಎಫ್ ಮಾಡಿಕೊಳ್ಳಬೇಕು. ಭಾಗ ಎ ಮತ್ತು ಭಾಗ ಬಿಗೆ ಪ್ರತ್ಯೇಕ ಕೋರಿಕೆ.

ಕೇಳಲು ಇದು ದೀರ್ಘವಾಗಿದೆ. ಮೊದಲ ಸಲ ಮಾಡುವವರಿಗೆ ಬೇಸರವೂ ಆಗಬಹುದು, ಅದರಲ್ಲೂ ಆರು ವರ್ಷ ಹಿಂದಿನ ಟೋಕನ್ ಸಂಖ್ಯೆ ಎಲ್ಲಿದೆ ಎಂದು ಹುಡುಕುವಾಗ. ಆದರೆ ಒಬ್ಬ ಮನುಷ್ಯನ ಸಂಬಳ ಮತ್ತು ತೆರಿಗೆಯ ವಿವರವನ್ನು ಹೊರಗೆ ಕೊಡುವ ಮುನ್ನ ಇಷ್ಟು ಕೇಳುವುದು ನ್ಯಾಯವೆಂದೇ ನನ್ನ ಅಭಿಪ್ರಾಯ. ನಮ್ಮ ತಂತ್ರಾಂಶದಲ್ಲಿ ಗುಪ್ತಪದ ಗೊತ್ತಿರುವ ಯಾರು ಬೇಕಾದರೂ ಯಾರ ಫಾರಂ ಬೇಕಾದರೂ ಮುದ್ರಿಸಬಹುದು, ಮತ್ತು ಯಾರು ಮುದ್ರಿಸಿದರು ಎಂಬ ದಾಖಲೆ ಉಳಿಯುವುದಿಲ್ಲ.

ಟ್ರೇಸಸ್ ಕೊಡುವುದು ಕೂಡ ಅಂದು ಕೊಟ್ಟ ಕಾಗದದ ಪಡಿಯಚ್ಚಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ನಡುವೆ ನಾವು ತಿದ್ದುಪಡಿ ಹೇಳಿಕೆ ಸಲ್ಲಿಸಿದ್ದರೆ, ತಿದ್ದುಪಡಿಯಾದ ಅಂಕಿಗಳೇ ಬರುತ್ತವೆ. ಆದರೆ ಭಾಗ ಎಯ ಮೇಲ್ಭಾಗದಲ್ಲಿ ಪ್ರಮಾಣಪತ್ರದ ಸಂಖ್ಯೆಯ ಜೊತೆಗೆ, ಅದನ್ನು ಕೊನೆಯ ಬಾರಿ ನವೀಕರಿಸಿದ ದಿನಾಂಕವೂ ಅಚ್ಚಾಗಿರುತ್ತದೆ. ಬದಲಾವಣೆ ಆಗಿದೆಯೇ, ಯಾವಾಗ ಆಗಿದೆ ಎಂಬುದನ್ನು ಕಾಗದವೇ ಹೇಳುತ್ತದೆ. ನಮ್ಮ ತಂತ್ರಾಂಶದಿಂದ ನಾನು ಕೇಳುವುದೂ ಇಷ್ಟನ್ನೇ. ಅಂಕಿ ಬದಲಾಗಬಾರದೆಂದು ನಾನು ಹಟ ಹಿಡಿಯುವುದಿಲ್ಲ, ಬದಲಾಗಿದ್ದರೆ ತಿಳಿಯಬೇಕು. ಫಿಟ್ಟರ್ ಅವರ ಭಾಗ ಎ ಮತ್ತು ಭಾಗ ಬಿ ಎರಡೂ ಟ್ರೇಸಸ್‌ನಿಂದ ಬಂದಾಗ 11,960 ಎಂಬ ಅಂಕಿ ಎರಡರಲ್ಲೂ ಒಂದೇ ಇತ್ತು, ಆದಾಯ 4,80,000 ಎಂದೇ ಇತ್ತು.

ಟ್ರೇಸಸ್‌ನ ವ್ಯಾಪ್ತಿ ಅಲ್ಲಿಗೆ ಮುಗಿಯುತ್ತದೆ. ಸಂಬಳದ ಹೊರತಾದ ಸೌಲಭ್ಯಗಳ ಮೌಲ್ಯ ತೋರಿಸುವ ಫಾರಂ 12ಬಿಎಯನ್ನು ಮಾಲೀಕರೇ ತಯಾರಿಸಬೇಕು. ನಮ್ಮಲ್ಲಿ ಕಾರ್ಖಾನೆಯ ಕಾರು ಬಳಸುವ ಒಬ್ಬರಿಗೆ ಮಾತ್ರ ಅದು ಬೇಕಾಗುತ್ತದೆ, ಅದರ ಹಳೆಯ ಪ್ರತಿಗೆ ತಂತ್ರಾಂಶವೇ ಗತಿ. ವೃತ್ತಿ ತೆರಿಗೆ ರಾಜ್ಯದ ವಿಷಯ. ರಾಜ್ಯದ ಇ-ಪ್ರೇರಣಾ ಜಾಲತಾಣದಲ್ಲಿ ಪ್ರತಿ ತಿಂಗಳು ಸಲ್ಲಿಸಿದ ವಿವರದ ಸ್ವೀಕೃತಿಯನ್ನು ಆಗಲೇ ಇಳಿಸಿ ಇಟ್ಟುಕೊಂಡಿದ್ದರೆ ನನ್ನ ಅರ್ಧ ಕೆಲಸ ಉಳಿಯುತ್ತಿತ್ತು. 2021-22ರ ಹನ್ನೆರಡರಲ್ಲಿ ನನ್ನ ಬಳಿ ಇದ್ದದ್ದು ಏಳು. ಉಳಿದ ಐದು ತಿಂಗಳಿಗೆ ಸಂಬಳದ ವಹಿಯನ್ನೂ ಚಲನ್‌ಗಳನ್ನೂ ಪಕ್ಕಪಕ್ಕದಲ್ಲಿಟ್ಟು ಕೈಯಿಂದ ಪಟ್ಟಿ ತಯಾರಿಸಿ, ಹಾಗೆಂದು ಬರೆದು, ಪರಿಶೋಧಕರಿಗೆ ಕೊಟ್ಟೆ.

ಹೋಲಿಕೆಗಾಗಿ, ರಾಜಾಜಿನಗರದಲ್ಲಿ ಸಂಬಳದ ಕೆಲಸ ಮಾಡುವ ಸ್ನೇಹಿತರೊಬ್ಬರ ಕಚೇರಿಯಲ್ಲಿ ಕುಳಿತು ಅವರು ಬಳಸುವ, ಅಂತರ್ಜಾಲದಲ್ಲೇ ನಡೆಯುವ ಬೇರೊಂದು ಸೇವೆಯನ್ನೂ ನೋಡಿದೆ. ಅದರಲ್ಲಿ ತಿಂಗಳ ಸಂಬಳವನ್ನು ಅಂತಿಮಗೊಳಿಸಿದ ಕೂಡಲೇ ಆ ತಿಂಗಳು ಬೀಗ ಹಾಕಿಕೊಳ್ಳುತ್ತದೆ, ಮತ್ತು ಅಂದು ತಯಾರಾದ ಎಲ್ಲ ಫಾರಂಗಳ ಪಿಡಿಎಫ್ ಪ್ರತಿಗಳು ಅದೇ ತಿಂಗಳ ಅಡಿಯಲ್ಲಿ ಉಳಿಯುತ್ತವೆ. ವೃತ್ತಿ ತೆರಿಗೆಯ ಪ್ರತಿ ಸ್ಲ್ಯಾಬ್‌ಗೂ ಜಾರಿಯ ದಿನಾಂಕವಿದೆ. 2022ರ ಒಂದು ತಿಂಗಳನ್ನು ತೆರೆದು ಕೇಳಿದಾಗ, ಮೂಲ ಪ್ರತಿ ಬೇಕೋ, ಹೊಸದಾಗಿ ಲೆಕ್ಕ ಹಾಕಬೇಕೋ ಎಂದು ಅದು ಪ್ರಶ್ನಿಸಿತು. ಆ ಪ್ರಶ್ನೆಯನ್ನು ನೋಡಿ ನನಗೆ ಆದ ಸಮಾಧಾನ ದೊಡ್ಡದು. ಅದನ್ನು ಬರೆದವರಿಗೆ ಈ ಕೆಲಸದ ಒಳಗು ತಿಳಿದಿದೆ. ಆದರೆ ಆ ಸೇವೆಯಲ್ಲಿ ನಮ್ಮ ಕಾರ್ಖಾನೆಯ ತುಂಡುಗೆಲಸದ ಕೂಲಿ ಲೆಕ್ಕಕ್ಕೆ ಅವಕಾಶ ಕಡಿಮೆ, ಮತ್ತು ಚಂದಾ ನಿಲ್ಲಿಸಿದರೆ ಹಳೆಯ ಪ್ರತಿಗಳು ಎಷ್ಟು ಕಾಲ ಉಳಿಯುತ್ತವೆ ಎಂಬುದಕ್ಕೆ ಸ್ನೇಹಿತರಿಗೂ ಲಿಖಿತ ಉತ್ತರ ಸಿಕ್ಕಿಲ್ಲ. ಪ್ರತಿಗಳು ಬೇರೆಯವರ ಯಂತ್ರದಲ್ಲಿ ಭದ್ರವಾಗಿರುವುದು ನಾವು ಹಣ ಕೊಡುವವರೆಗೆ ಮಾತ್ರ ಎಂದಾದರೆ, ಅದರ ಬಗ್ಗೆಯೂ ಎಚ್ಚರ ಬೇಕು.

ಈ ವಿಷಯ ಈಗ ತುರ್ತಿನದಾಗಲು ಕಾರಣವಿದೆ. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಕಾಯ್ದೆ ಬಂದಿದ್ದು, ಅದರ ಜಾರಿ 2026ರ ಏಪ್ರಿಲ್ 1ರಿಂದ. ಕಲಮುಗಳ ಸಂಖ್ಯೆಗಳು ಬದಲಾಗಿವೆ. ಸಂಬಳದ ಮೇಲಿನ ಕಡಿತ 192ನೆಯ ಕಲಮಿನಿಂದ 392ಕ್ಕೆ ಹೋಗಿದೆ, ಹಿಂದಿನ ವರ್ಷ ಮತ್ತು ನಿರ್ಧರಣಾ ವರ್ಷ ಎಂಬ ಜೋಡಿಯ ಬದಲು ತೆರಿಗೆ ವರ್ಷ ಎಂಬ ಒಂದೇ ಪದ ಬಂದಿದೆ. ತಂತ್ರಾಂಶ ತಯಾರಕರು ಹೊಸ ನಮೂನೆಗಳನ್ನು ಸೇರಿಸುವಾಗ ಹಳೆಯವನ್ನು ಹಳೆಯ ವರ್ಷಗಳಿಗೆ ಹಾಗೆಯೇ ಉಳಿಸದಿದ್ದರೆ, 2023-24ರ ಪ್ರಮಾಣಪತ್ರ ಹೊಸ ಕಾಯ್ದೆಯ ಕಲಮುಗಳನ್ನು ಹೊತ್ತು ಹೊರಬರುತ್ತದೆ. ಇನ್ನೊಂದು ಕಡೆ, ತಪ್ಪು ಕಂಡಾಗ ತಿದ್ದಲು ಇರುವ ಕಾಲವೂ ಕಿರಿದಾಗಿದೆ. ಹೇಳಿಕೆ ಸಲ್ಲಿಸಬೇಕಾದ ಆರ್ಥಿಕ ವರ್ಷ ಮುಗಿದು ಆರು ವರ್ಷ ಕಳೆದ ಮೇಲೆ ತಿದ್ದುಪಡಿ ಇಲ್ಲವೆಂದು 2024ರಲ್ಲಿ ನಿಯಮವಾಯಿತು, ಹೊಸ ಕಾಯ್ದೆಯಲ್ಲಿ ಅದು ಎರಡು ವರ್ಷಕ್ಕೆ ಇಳಿದಿದೆ. ಹಳೆಯ ಪ್ರತಿಯನ್ನು ಬೇಗ ತೆಗೆದು, ಬೇಗ ತಾಳೆ ನೋಡಿದವರಿಗಷ್ಟೇ ತಿದ್ದುವ ಅವಕಾಶ.

ಹಾಗಾಗಿ ನಾನು ಈಗ ಪ್ರತಿ ತ್ರೈಮಾಸಿಕ ಮುಗಿದಾಗ, ಸಲ್ಲಿಸಿದ ಎಫ್‌ವಿಯು ಕಡತ, ಸಹಿಯಾದ ಫಾರಂ 27ಎ, ಟೋಕನ್ ಸಂಖ್ಯೆಯುಳ್ಳ ಸ್ವೀಕೃತಿ, ಚಲನ್‌ಗಳು, ಮೂರು ತಿಂಗಳ ಫಾರಂ 5ಎ ಮತ್ತು ಅವುಗಳ ಸ್ವೀಕೃತಿ, ಇಷ್ಟನ್ನು ಪಿಡಿಎಫ್ ಆಗಿ ಒಂದೇ ಕಡತಕೋಶದಲ್ಲಿ ಇಟ್ಟು, ವರ್ಷ ಮತ್ತು ತ್ರೈಮಾಸಿಕವನ್ನು ಹೆಸರಿನಲ್ಲೇ ಬರೆಯುತ್ತೇನೆ. ಜೂನ್ 15ರೊಳಗೆ ಫಾರಂ 16 ಕೊಡುವಾಗ ಪ್ರತಿಯೊಬ್ಬರ ಸಹಿಯಾದ ಪ್ರತಿಯೂ ಅಲ್ಲಿಗೆ ಸೇರುತ್ತದೆ. ಕಂಪನಿ ಕಾಯ್ದೆಯ ಪ್ರಕಾರ ಲೆಕ್ಕಪುಸ್ತಕಗಳನ್ನು ಎಂಟು ವರ್ಷ ಇಡಬೇಕು. ನಾನು ಈ ಕೋಶಗಳನ್ನು ಅಳಿಸುವುದೇ ಇಲ್ಲ. ನಲವತ್ತು ಜನರ ಕಾರ್ಖಾನೆಗೆ ಇದು ವರ್ಷಕ್ಕೆ ಒಂದು ಪೆನ್ ಡ್ರೈವಿನ ಮೂಲೆಯಷ್ಟೂ ಆಗುವುದಿಲ್ಲ.

ತಂತ್ರಾಂಶವನ್ನು ಬಿಡಬೇಕೇ ಎಂದು ಮಾಲೀಕರು ಕೇಳಿದರು. ಬೇಡ ಎಂದೆ. ಸಂಬಳ ಲೆಕ್ಕ ಮತ್ತು ಚಾಲ್ತಿ ವರ್ಷದ ಹೇಳಿಕೆಗಳಿಗೆ ಅದು ಯೋಗ್ಯವಾಗಿದೆ, ಕಲಿತ ಕೈಗಳಿವೆ, ತುಂಡುಗೆಲಸದ ಲೆಕ್ಕ ಸರಿಯಾಗಿ ಬರುತ್ತದೆ. ಹಳೆಯ ಫಾರಂಗಳ ವಿಷಯಕ್ಕೆ ಮಾತ್ರ ಹತ್ತಕ್ಕೆ ಎರಡು, ಆ ಎರಡೂ ಹಳೆಯ ಆವೃತ್ತಿಯನ್ನು ಕಳುಹಿಸಿಕೊಟ್ಟ ಸಹಾಯವಾಣಿಯವರಿಗೆ. ನವೀಕರಣದ ಪತ್ರದ ಜೊತೆ ಮೂರು ಕೋರಿಕೆ ಬರೆದು ಕಳುಹಿಸಿದ್ದೇನೆ: ಸ್ಲ್ಯಾಬ್, ವಿಳಾಸ ಮತ್ತು ಹೊಣೆಗಾರರ ಹೆಸರಿಗೆ ಜಾರಿಯ ದಿನಾಂಕ ಕೊಡಿ, ಆರಿಸಿದ ವರ್ಷದಲ್ಲಿ ದುಡಿದ ಎಲ್ಲರನ್ನೂ ಆ ವರ್ಷದ ಪಟ್ಟಿಯಲ್ಲಿ ತೋರಿಸಿ, ಹೊಸದಾಗಿ ಲೆಕ್ಕ ಹಾಕಿದ ಫಾರಂನ ಮೇಲೆ ಹಾಗೆಂದು, ದಿನಾಂಕದ ಸಮೇತ, ಅಚ್ಚು ಮಾಡಿ. ಫಿಟ್ಟರ್ ಅವರಿಗೆ ಟ್ರೇಸಸ್‌ನ ಎರಡು ಭಾಗಗಳನ್ನು ವ್ಯವಸ್ಥಾಪಕರ ಸಹಿ ಹಾಕಿಸಿ ನೋಂದಾಯಿತ ಅಂಚೆಯಲ್ಲಿ ಕಳುಹಿಸಿದೆ. ತಲುಪಿತೆಂದು ಅವರ ಮಗಳು ದೂರವಾಣಿ ಮಾಡಿ, 2019-20ರದ್ದೂ ಇದ್ದರೆ ಕಳುಹಿಸಿ ಎಂದಳು. ಅದು ಕಡತಕೋಶದಲ್ಲೇ ಇತ್ತು.